ವಾಲ್ಟರ್ ಕ್ಯಾಂಪ್: ಆಟಕ್ಕೆ ಕಟ್ಟಳೆ ಬರೆದವನು

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಾಲಿನಿಂದ ಒದೆಯುವ ದುಂಡನೆಯ ಚೆಂಡು. ಅಮೇರಿಕದ ಕಾಲೇಜುಗಳಲ್ಲಿ ಅದೇ ಹೆಸರಿನಿಂದ ನಡೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ಎರಡೂ ತುದಿ ಚೂಪಾದ ಉದ್ದುದ್ದನೆಯದು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗಡಿಯತ್ತ ಓಡುವುದೇ ಆಟದ ಬಹುಭಾಗ. ಓಡುವವನನ್ನು ಎದುರು ಪಕ್ಷದವರು ಮೈಮೇಲೆ ಬಿದ್ದು ಕೆಡವುತ್ತಾರೆ. ಅವನ ಪಕ್ಷದವರು ಅವನಿಗೆ ದಾರಿ ಮಾಡಿಕೊಡಲು ಎದುರಿನವರನ್ನು ಎದೆ ಕೊಟ್ಟು ದಬ್ಬುತ್ತಾರೆ. ನಮ್ಮ ಕಬಡ್ಡಿಯನ್ನೂ ಕುಸ್ತಿಯನ್ನೂ ಕೂಡಿಸಿ ನೂರು ಗಜ ಉದ್ದದ ಬಯಲಿನಲ್ಲಿ ಆಡಿದರೆ ಹೇಗಿದ್ದೀತು ಎಂದು ಊಹಿಸಿಕೊಂಡರೆ ಅರ್ಧ ತಿಳಿದಂತೆಯೇ.

ವರದೆಯೂ ತುಂಗಭದ್ರೆಯೂ ಕೂಡುವ ಗಳಗನಾಥದವನಾದ ನನಗೆ ಈ ದೂರದೇಶದ ಆಟದ ಗೊಡವೆ ಏತಕ್ಕೆ ಎಂದು ಗೆಳೆಯರು ಕೇಳಿದ್ದುಂಟು. ಕಾರಣವಿದೆ. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ದೀಪಾವಳಿ ಬಂದಿತೆಂದರೆ ಹೋರಿ ಬೆದರಿಸುವ ಸ್ಪರ್ಧೆಗಳು ಮೊದಲಾಗುತ್ತವೆ. ಕೊಬ್ಬರಿ ಸರ ಕಟ್ಟಿಕೊಂಡು, ಬಲೂನು ಜೂಲುಗಳಿಂದ ಸಿಂಗರಿಸಿಕೊಂಡು ಓಡಿ ಬರುವ ಹೋರಿಯ ಕೊರಳಿನ ಕೊಬ್ಬರಿಯನ್ನು ಹರಿಯಲು ಹುಡುಗರು ಎದುರು ನುಗ್ಗುತ್ತಾರೆ. ಗೆದ್ದವನಿಗೆ ಊರೆಲ್ಲ ಹೆಸರು. ಕೋಡು ತಗಲಿದವನು ದವಾಖಾನೆಗೆ ಹೋಗುತ್ತಾನೆ. ಒಮ್ಮೊಮ್ಮೆ ತಿರುಗಿ ಬರುವುದಿಲ್ಲ. ಬಂದು ನಿಂತು ನೋಡುತ್ತಿದ್ದವರೂ ಸತ್ತಿದ್ದಾರೆ. ಆಗೆಲ್ಲ ಊರಿನ ಕಟ್ಟೆಯ ಮೇಲೆ ಒಂದೇ ವಾದ: ಇದನ್ನು ನಿಲ್ಲಿಸಿಬಿಡಬೇಕೆಂದು ಕೆಲವರು, ಹಿರಿಯರ ಕಾಲದ ಆಟ ನಿಲ್ಲಕೂಡದೆಂದು ಕೆಲವರು. ನಿಲ್ಲಿಸದೆ ತಿದ್ದುವುದು ಹೇಗೆ ಎಂದು ಕುಳಿತು ಯೋಚಿಸುವವರು ಮಾತ್ರ ವಿರಳ. ಈ ವಾದವನ್ನು ಕೇಳುತ್ತಲೇ ಬೆಳೆದ ನನಗೆ ವಾಲ್ಟರ್ ಕ್ಯಾಂಪನ ಜೀವನವನ್ನು ಓದುವಾಗ ಪರಕೀಯವೆನಿಸಲಿಲ್ಲ. ಆಟವನ್ನು ಕಟ್ಟಿದವನೂ ಅವನೇ. ಅವನು ಕಟ್ಟಿದ ಆಟದಲ್ಲಿ ಹುಡುಗರು ಸಾಯತೊಡಗಿದಾಗ ಅದನ್ನು ತಿದ್ದುವ ಸಭೆಗಳಲ್ಲಿ ಕುಳಿತವನೂ ಅವನೇ.

ಕ್ಯಾಂಪ್ 1859ನೆಯ ಇಸವಿಯ ಏಪ್ರಿಲ್ 7ರಂದು ಕನೆಕ್ಟಿಕಟ್ ಸಂಸ್ಥಾನದ ನ್ಯೂ ಬ್ರಿಟನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಶಾಲಾಮಾಸ್ತರನು. ನ್ಯೂ ಹೇವನ್ ಪಟ್ಟಣದ ಹಾಪ್ಕಿನ್ಸ್ ಶಾಲೆಯಲ್ಲಿ ಓದಿ, 1876ರಲ್ಲಿ ಅದೇ ಊರಿನ ಯೇಲ್ ಕಾಲೇಜನ್ನು ಸೇರಿದನು. ಆ ವರ್ಷವೇ ಅಲ್ಲಿಯ ಕಾಲೇಜುಗಳು ಇಂಗ್ಲೆಂಡಿನ ರಗ್ಬಿ ಆಟದ ನಿಯಮಗಳನ್ನು ತಮ್ಮದಾಗಿಸಿಕೊಂಡು ಒಂದು ಸಂಘವನ್ನು ಮಾಡಿಕೊಂಡಿದ್ದವು. ಕ್ಯಾಂಪ್ ಮೊದಲ ವರ್ಷದಿಂದಲೇ ಯೇಲ್ ತಂಡದಲ್ಲಿ ಆಡಿದನು. ಮುಂದೆ ನಾಯಕನೂ ಆದನು. 1880ರಲ್ಲಿ ಪದವಿ ಪಡೆದು ಅಲ್ಲಿಯೇ ವೈದ್ಯಶಾಲೆಗೆ ಸೇರಿದನು, ಆಟವನ್ನೂ ಮುಂದುವರಿಸಿದನು. ವೈದ್ಯವಿದ್ಯೆ ಪೂರ್ಣವಾಗಲಿಲ್ಲ. ಕಡೆಗೆ ನ್ಯೂ ಹೇವನ್ ಗಡಿಯಾರ ಕಂಪನಿಯಲ್ಲಿ ನೌಕರಿ ಹಿಡಿದನು. 1903ರಲ್ಲಿ ಆ ಕಂಪನಿಯ ಅಧ್ಯಕ್ಷನೇ ಆದನು. ಅವನ ಹೊಟ್ಟೆಯ ಪಾಡು ನಡೆದದ್ದು ಗಡಿಯಾರಗಳಿಂದಲೇ ಹೊರತು ಫುಟ್‌ಬಾಲಿನಿಂದಲ್ಲ. ಈ ಮಾತನ್ನು ನೆನಪಿನಲ್ಲಿಡಬೇಕು. ಏಕೆಂದರೆ ಆಟವನ್ನು ಗಡಿಯಾರದ ಹಲ್ಲುಚಕ್ರಗಳಂತೆ ಜೋಡಿಸಬೇಕೆಂಬ ಹಟ ಅವನಲ್ಲಿ ಕೊನೆಯವರೆಗೂ ಇತ್ತು.

ವಿದ್ಯಾರ್ಥಿಯಾಗಿದ್ದಾಗಲೇ ಅವನು ಕಟ್ಟಳೆಗಳ ಸಭೆಗೆ ಹೋಗತೊಡಗಿದನು. ರಗ್ಬಿಯಲ್ಲಿ ಚೆಂಡು ನೆಲಕ್ಕೆ ಬಿದ್ದಾಗ ಎರಡೂ ಪಕ್ಷದವರು ಗುಂಪುಗೂಡಿ ದಬ್ಬಾಡುತ್ತಾರೆ. ಅದು ಯಾರ ಕಡೆಗೆ ಹೊರಬಂದೀತೆಂದು ದೇವರಿಗೇ ಗೊತ್ತು. ಈ ಗೊಂದಲ ಕ್ಯಾಂಪನಿಗೆ ಸೇರಲಿಲ್ಲ. 1880ರಲ್ಲಿ ಅವನ ಸಲಹೆಯಂತೆ ಎರಡು ಬದಲಾವಣೆಗಳಾದವು. ತಂಡದಲ್ಲಿ 15 ಮಂದಿಯ ಬದಲು 11 ಮಂದಿ. ಗುದ್ದಾಟದ ಬದಲು, ಚೆಂಡು ಒಂದು ಪಕ್ಷದ ಸ್ವಾಧೀನದಲ್ಲಿರುವುದು, ಅದನ್ನು ನಡುವಿನವನು ಹಿಂದಕ್ಕೆ ಕೊಟ್ಟಾಗ ಆಟ ಮೊದಲಾಗುವುದು. ಇದರಿಂದ ಮುಂಚಿತವಾಗಿ ಉಪಾಯ ಹೂಡಿ ಆಡಲು ಅವಕಾಶವಾಯಿತು. ಅಮೇರಿಕದ ಫುಟ್‌ಬಾಲ್ ರಗ್ಬಿಯಿಂದ ಬೇರೆಯಾದದ್ದು ಈ ಗಳಿಗೆಯಲ್ಲಿ.

ಆದರೆ ಯಾವ ಕಟ್ಟಳೆಯನ್ನು ಬರೆದರೂ ಅದರ ಸಂದಿಯನ್ನು ಹುಡುಕುವವರು ಮರುದಿನವೇ ಹುಟ್ಟುತ್ತಾರೆ. 1881ರಲ್ಲಿ ಯೇಲ್ ಮತ್ತು ಪ್ರಿನ್ಸ್‌ಟನ್ ತಂಡಗಳು ಆಡಿದಾಗ ಮೊದಲರ್ಧವೆಲ್ಲ ಪ್ರಿನ್ಸ್‌ಟನ್ನಿನವರು ಚೆಂಡನ್ನು ತಮ್ಮಲ್ಲಿಯೇ ಇಟ್ಟುಕೊಂಡರು. ಎರಡನೆಯ ಅರ್ಧವೆಲ್ಲ ಯೇಲ್‌ನವರು ಇಟ್ಟುಕೊಂಡರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ, ನೋಡಬಂದವರು ಬೇಸತ್ತರು. ಇದಕ್ಕೆ ಮದ್ದಾಗಿ 1882ರಲ್ಲಿ ಕ್ಯಾಂಪ್ ಇನ್ನೊಂದು ನಿಯಮವನ್ನು ತಂದನು: ಮೂರು ಸರದಿಗಳಲ್ಲಿ 5 ಗಜ ಮುಂದೆ ಸಾಗಬೇಕು, ಇಲ್ಲವೇ 10 ಗಜ ಹಿಂದೆ ಸರಿಯಬೇಕು, ಎರಡೂ ಆಗದಿದ್ದರೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಐದು ಗಜ ಅಳೆಯಬೇಕಲ್ಲ, ಅದಕ್ಕಾಗಿ ಬಯಲಿಗೆ ಅಡ್ಡಡ್ಡ ಸುಣ್ಣದ ಗೆರೆಗಳನ್ನು ಎಳೆದರು. ಕೆಂಡದ ಮೇಲಿಡುವ ಕಬ್ಬಿಣದ ಜಾಳಿಗೆಯಂತೆ ಕಂಡ ಆ ಬಯಲಿಗೆ ಅಲ್ಲಿಯ ಜನ ಅದೇ ಹೆಸರನ್ನಿಟ್ಟರು. ಇಂದಿಗೂ ಆ ಹೆಸರಿದೆ. ಮರುವರ್ಷ ಅಂಕಗಳ ಲೆಕ್ಕವೂ ಬಂದಿತು.

ಈಗ ಓದುಗ ಮಿತ್ರರು ಸ್ವಲ್ಪ ನಿಂತು ಗಮನಿಸಬೇಕು. ಐದೇ ಗಜ ಸಾಗಿದರೆ ಸಾಕಾದ್ದರಿಂದ, ಹೆಚ್ಚು ಓಡುವ ಅವಶ್ಯಕತೆಯೇ ಇರಲಿಲ್ಲ. ಹನ್ನೊಂದು ಮಂದಿ ಒತ್ತಾಗಿ ಸೇರಿ ಎದುರಿನವರ ಸಾಲಿನಲ್ಲಿ ಒಬ್ಬ ಬಡಪಾಯಿಯ ಮೇಲೆ ಮೂರು ಸಲ ಬಿದ್ದರೆ ಐದು ಗಜ ಸಿಕ್ಕೇ ಸಿಗುತ್ತಿತ್ತು. ಇದರ ಮೇಲೆ 1888ರಲ್ಲಿ, ಮತ್ತೆ ಕ್ಯಾಂಪನ ಒತ್ತಾಸೆಯಿಂದಲೇ, ಓಡುವವನನ್ನು ಸೊಂಟದ ಕೆಳಗೆ ಮೊಣಕಾಲಿನವರೆಗೆ ಹಿಡಿದು ಕೆಡವಬಹುದೆಂದು ನಿಯಮವಾಯಿತು. ಬಯಲಿನಲ್ಲಿ ಒಬ್ಬನೇ ಓಡುವವನನ್ನು ಕೆಡವುವುದು ಇದರಿಂದ ಸುಲಭವಾಯಿತು. ಓಟದಿಂದ ಲಾಭವಿಲ್ಲವೆಂದಾದಾಗ ತಂಡಗಳು ಇನ್ನಷ್ಟು ಒತ್ತೊತ್ತಾಗಿ ನಿಂತವು. ಕೈಗೆ ಕೈ ಸೇರಿಸಿ, ಚೆಂಡು ಹಿಡಿದವನನ್ನು ನಡುವೆ ಇಟ್ಟುಕೊಂಡು, ಹಿಂದಿನಿಂದ ದಬ್ಬುತ್ತ ಮುಂದಿನಿಂದ ಎಳೆಯುತ್ತ ನುಗ್ಗತೊಡಗಿದವು. ತಲೆಗೆ ಚರ್ಮದ ಟೊಪ್ಪಿಗೆಯೂ ಇಲ್ಲದ ಕಾಲವದು. ಶಿರಸ್ತ್ರಾಣವು ಕಾಲೇಜು ಆಟಗಾರರಿಗೆ ಕಡ್ಡಾಯವಾದದ್ದು 1939ರಲ್ಲಿ, ಕ್ಯಾಂಪ್ ತೀರಿಕೊಂಡು 14 ವರ್ಷಗಳಾದ ಮೇಲೆ.

ಕೊಲ್ಲಬೇಕೆಂದು ಯಾರೂ ನಿಯಮ ಬರೆಯಲಿಲ್ಲ. ಆಟ ಚೆನ್ನಾಗಿರಲಿ, ಬೇಸರ ತರದಿರಲಿ, ಹಿಡಿಯುವವನಿಗೂ ಓಡುವವನಿಗೂ ನ್ಯಾಯ ಸಿಗಲಿ ಎಂದೇ ಬರೆದದ್ದು. ಎರಡು ಮೂರು ಒಳ್ಳೆಯ ನಿಯಮಗಳು ಒಂದರ ಪಕ್ಕದಲ್ಲೊಂದು ಬಂದು ಕುಳಿತಾಗ ಅವುಗಳ ಕೂಟದಿಂದ ಹುಟ್ಟಿದ್ದು ಮಾತ್ರ ಭಯಂಕರವಾಗಿತ್ತು. ಕ್ಯಾಂಪನ ಜೀವನದಲ್ಲಿ ನನ್ನನ್ನು ಬಹಳ ಕಾಡಿದ ಅಂಶವೆಂದರೆ ಇದೇ.

ಈ ನಡುವೆ ಅವನ ಕೀರ್ತಿ ಏರುತ್ತಲೇ ಇತ್ತು. 1888ರಿಂದ 1892ರವರೆಗೆ ಯೇಲ್ ತಂಡಕ್ಕೆ ಅವನೇ ಗುರು. ಆ ಐದು ವರ್ಷಗಳಲ್ಲಿ ತಂಡ ಗೆದ್ದ ಪಂದ್ಯಗಳು 67, ಸೋತದ್ದು 2. 1888ರಲ್ಲಂತೂ 698 ಅಂಕಗಳನ್ನು ಗಳಿಸಿ ಎದುರಾಳಿಗಳಿಗೆ ಒಂದಂಕವನ್ನೂ ಬಿಟ್ಟುಕೊಡಲಿಲ್ಲ. ವಿನೋದವೆಂದರೆ, ಹಗಲೆಲ್ಲ ಗಡಿಯಾರದ ಕಂಪನಿಯಲ್ಲಿರುತ್ತಿದ್ದ ಅವನಿಗೆ ಅಭ್ಯಾಸ ನೋಡಲು ಬಿಡುವಾಗುತ್ತಿರಲಿಲ್ಲ. ಆ ವರ್ಷವೇ ಮದುವೆಯಾಗಿ ಬಂದಿದ್ದ ಹೆಂಡತಿ ಆಲಿಸ್ ಮಧ್ಯಾಹ್ನ ಬಯಲಿಗೆ ಹೋಗಿ, ಅಂಚಿನಲ್ಲಿ ನಡೆದಾಡುತ್ತ ಯಾರು ಹೇಗೆ ಆಡಿದರೆಂದು ಬರೆದುಕೊಂಡು ಬರುತ್ತಿದ್ದಳು. ಸಂಜೆ ಆಟಗಾರರು ಮನೆಗೆ ಬಂದಾಗ ಗಂಡ ಹೆಂಡತಿ ಇಬ್ಬರೂ ಕುಳಿತು ತಪ್ಪು ಒಪ್ಪು ಹೇಳುವರು. ಆ ಗೆಲುವುಗಳಲ್ಲಿ ಆ ತಾಯಿಯ ಪಾಲೆಷ್ಟೆಂದು ಯಾವ ಅಂಕಪಟ್ಟಿಯಲ್ಲೂ ಇಲ್ಲ. 1889ರಿಂದ ಇಡೀ ದೇಶದ ಕಾಲೇಜುಗಳೊಳಗಿನ ಅತ್ಯುತ್ತಮ ಹನ್ನೊಂದು ಮಂದಿಯ ಪಟ್ಟಿಯೊಂದನ್ನು ಪ್ರಕಟಿಸುವ ಪದ್ಧತಿ ಬಂದಿತು. ಅದಕ್ಕೂ ಕ್ಯಾಂಪನ ಹೆಸರೇ ಅಂಟಿಕೊಂಡಿತು. ಆಟದ ಮೇಲೆ ಹೊತ್ತಗೆಗಳನ್ನು ಬರೆದನು. ಮುಂದೆ ಹುಡುಗರಿಗಾಗಿ ಕಾದಂಬರಿಗಳನ್ನೂ ಬರೆದನು. ಅವನಿಗಿಂತ ಹತ್ತು ವರ್ಷ ಕಿರಿಯರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ನಮ್ಮೂರಿನ ಹೆಸರನ್ನೇ ಧರಿಸಿ ಗಳಗನಾಥರಾಗಿ ಕನ್ನಡದಲ್ಲಿ ಕಾದಂಬರಿಗಳನ್ನು ಬರೆದ ಕಾಲವೂ ಸುಮಾರು ಅದೇ. ಇದಕ್ಕೂ ಫುಟ್‌ಬಾಲಿಗೂ ಸಂಬಂಧವಿಲ್ಲ. ಊರಿನ ಅಭಿಮಾನದಿಂದ ಹೇಳಿದೆ, ಅಷ್ಟೆ.

1892ರ ನವೆಂಬರ್ 19ರಂದು ಹಾರ್ವರ್ಡ್ ತಂಡವು ಯೇಲ್ ವಿರುದ್ಧ ಹೊಸದೊಂದು ವ್ಯೂಹವನ್ನು ಹೂಡಿತು. ಅದನ್ನು ಕಲ್ಪಿಸಿದವನು ಲೋರಿನ್ ಡೆಲಂಡ್. ಅವನು ಫುಟ್‌ಬಾಲ್ ಆಡಿದವನೇ ಅಲ್ಲ, ಚದುರಂಗದಲ್ಲಿಯೂ ಯುದ್ಧಶಾಸ್ತ್ರದಲ್ಲಿಯೂ ಆಸಕ್ತನು. ಆಟವನ್ನು ಆರಂಭಿಸುವ ಒದೆತವನ್ನು ಹೆಸರಿಗೆ ಮಾತ್ರ ಮಾಡಿ ಚೆಂಡನ್ನು ಕೈಯಲ್ಲೇ ಉಳಿಸಿಕೊಳ್ಳುವುದು. ಇಪ್ಪತ್ತು ಗಜ ಹಿಂದಿನಿಂದ ಎರಡು ಸಾಲುಗಳು ಓಡಿ ಬಂದು ಬೆಣೆಯಂತೆ ಕೂಡಿ, ನಿಂತಿರುವ ಎದುರಾಳಿಗಳನ್ನು ಸೀಳಿಕೊಂಡು ಹೋಗುವುದು. ನಮ್ಮ ಓಣಿಯಲ್ಲಿ ಬೆದರಿದ ಹೋರಿಗಳು ನಾಲ್ಕೈದು ಒಟ್ಟಿಗೆ ನುಗ್ಗಿದರೆ ಎದುರು ನಿಂತವನ ಗತಿ ಏನೋ ಅದೇ ಗತಿ. ಎರಡೇ ವರ್ಷಗಳಲ್ಲಿ, 1894ರಲ್ಲಿ, ಆರಂಭದ ಚೆಂಡನ್ನು ನಿಜವಾಗಿ ಒದೆದು ಕನಿಷ್ಠ 10 ಗಜ ಕಳಿಸಲೇಬೇಕೆಂದು ಕಟ್ಟಳೆಯಾಗಿ ಆ ಬೆಣೆ ಮುರಿಯಿತು. ಆದರೆ ದೂರದಿಂದ ಓಡಿ ಬಂದು ಡಿಕ್ಕಿ ಹೊಡೆಯುವ ಅಪಾಯ ಆರಂಭದ ಒದೆತದಲ್ಲಿ ಇಂದಿಗೂ ಹೋಗಿಲ್ಲ. 2018ರಲ್ಲಿಯೂ ಅಮೇರಿಕದ ಕಾಲೇಜುಗಳು ಅದೇ ಒದೆತದ ನಿಯಮವನ್ನು ತಿದ್ದಿ, ಚೆಂಡು ಹಿಡಿಯುವವನು ಕೈ ಬೀಸಿ ಸಂಜ್ಞೆ ಮಾಡಿ ಓಡದೆ ನಿಂತರೂ ತನ್ನ ತಂಡಕ್ಕೆ 25 ಗಜದ ಗೆರೆಯಿಂದ ಆಟ ಸಿಗುವಂತೆ ಮಾಡಿದವು. ನೂರಿಪ್ಪತ್ತೈದು ವರ್ಷಗಳ ಹಿಂದಿನ ಬೆಣೆಯ ಮೊನೆ ಇನ್ನೂ ಮೈದಾನದಲ್ಲಿ ಉಳಿದಿದೆಯೆಂದೇ ಅರ್ಥ.

1894ರ ಹಾರ್ವರ್ಡ್–ಯೇಲ್ ಪಂದ್ಯದಲ್ಲಿ ಎಷ್ಟು ಮಂದಿಗೆ ಪೆಟ್ಟಾಯಿತೆಂದರೆ ಮುಂದಿನ ಎರಡು ವರ್ಷ ಆ ಕಾಲೇಜುಗಳು ಪರಸ್ಪರ ಆಡಲೇ ಇಲ್ಲ. ಪತ್ರಿಕೆಗಳು ಆಟವನ್ನು ಜರೆದವು. ಕ್ಯಾಂಪ್ ತನ್ನ ಮಗುವಿನ ಪರವಾಗಿ ನಿಂತನು. ಹಿಂದೆ ಆಡಿದವರಿಗೆಲ್ಲ ಕಾಗದ ಬರೆದು, ಈ ಆಟದಿಂದ ನಿಮಗೆ ಹಾನಿಯಾಯಿತೋ ಲಾಭವಾಯಿತೋ ಎಂದು ವಿಚಾರಿಸಿ, ಬಂದ ಉತ್ತರಗಳನ್ನು 1894ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಲಾಭವೆಂದವರೇ ಅದರಲ್ಲಿ ತುಂಬಿಕೊಂಡಿದ್ದರು. ಹಾನಿಯೆಂದು ಬರೆದವರ ಹಲವು ಉತ್ತರಗಳನ್ನು ಅವನು ಹೊರಗಿಟ್ಟನೆಂದು ಮುಂದಿನ ಇತಿಹಾಸಕಾರರು ತೋರಿಸಿದ್ದಾರೆ. ಅವನನ್ನು ಮೆಚ್ಚುವವನು ನಾನು. ಆದರೂ ಇದನ್ನು ಮುಚ್ಚಿಡಲು ಮನಸ್ಸು ಒಪ್ಪುವುದಿಲ್ಲ. ಮೇಲಾಗಿ ಉತ್ತರ ಬರೆಯಲು ಉಳಿದವರು ಬದುಕಿದವರು. ಸತ್ತ ಹುಡುಗನಿಗೆ ಯಾವ ಕಾಗದವೂ ತಲಪುವುದಿಲ್ಲ.

ಹೀಗೆ ಹತ್ತು ವರ್ಷ ಕಳೆಯಿತು. ಸಣ್ಣಪುಟ್ಟ ತಿದ್ದುಪಡಿಗಳಾದವು, ಗುಂಪುಗೂಡಿ ನುಗ್ಗುವುದು ನಿಲ್ಲಲಿಲ್ಲ. 1905ರ ಹೊತ್ತಿಗೆ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನೇ ಮಧ್ಯೆ ಬರಬೇಕಾಯಿತು. ರೂಸ್‌ವೆಲ್ಟ್ ಆಟದ ವೈರಿಯಲ್ಲ, ಪ್ರೇಮಿ. ಅವನ ಮಗನೂ ಆಗ ಹಾರ್ವರ್ಡಿನ ಕಿರಿಯರ ತಂಡದಲ್ಲಿ ಆಡುತ್ತಿದ್ದನು. ಅಕ್ಟೋಬರ್ 9ರಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಈ ಮೂರೂ ಕಡೆಯವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದನು. ಯೇಲ್ ಪರವಾಗಿ ಹೋದವರಲ್ಲಿ ಕ್ಯಾಂಪನೂ ಒಬ್ಬನು. ನಿಯಮಗಳ ಅಕ್ಷರವನ್ನೂ ಆಶಯವನ್ನೂ ಪಾಲಿಸುತ್ತೇವೆಂಬ ಹೇಳಿಕೆಯೊಂದನ್ನು ತಿರುಗಿ ಹೋಗುವಾಗ ರೈಲಿನಲ್ಲಿಯೇ ಸಿದ್ಧಮಾಡಿದರು. ಮಾತು ಚೆನ್ನಾಗಿತ್ತು. ಆದರೆ ದೋಷವಿದ್ದದ್ದು ಪಾಲನೆಯಲ್ಲಿ ಮಾತ್ರವಲ್ಲ, ನಿಯಮಗಳಲ್ಲಿಯೇ. ನಿಯಮಕ್ಕೆ ಸರಿಯಾಗಿ ಆಡಿದರೂ ಹುಡುಗರ ಎಲುಬು ಮುರಿಯುತ್ತಿತ್ತು.

ನವೆಂಬರ್ 25ರಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧ ಆಡುತ್ತಿದ್ದ ಯೂನಿಯನ್ ಕಾಲೇಜಿನ ಹ್ಯಾರೊಲ್ಡ್ ಮೂರ್ ಎಂಬ ವಿದ್ಯಾರ್ಥಿ ತಲೆಗೆ ಪೆಟ್ಟಾಗಿ ತೀರಿಕೊಂಡನು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಎಣಿಕೆಯಂತೆ ಆ ಒಂದು ಋತುವಿನಲ್ಲಿ ದೇಶದಲ್ಲೆಲ್ಲ ಸತ್ತವರು 18 ಮಂದಿ. ಅವರಲ್ಲಿ ಕಾಲೇಜಿನವರು ಮೂವರೇ. ಹೆಚ್ಚಿನವರು ಶಾಲೆಯ ಹುಡುಗರು, ದೊಡ್ಡ ಕಾಲೇಜುಗಳವರನ್ನು ನೋಡಿ ಹಾಗೆಯೇ ಆಡಹೋದವರು. ಕೊಲಂಬಿಯಾ ವಿಶ್ವವಿದ್ಯಾಲಯವು ಆಟವನ್ನೇ ಕೈಬಿಟ್ಟಿತು. ಪಶ್ಚಿಮ ತೀರದ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾಗಳು ಮರುವರ್ಷ ರಗ್ಬಿಗೆ ತಿರುಗಿದವು. ಹಾರ್ವರ್ಡಿನ ಅಧ್ಯಕ್ಷನಾದ ಎಲಿಯಟ್ ಬಹಳ ದಿನಗಳಿಂದ ಆಟದ ವಿರೋಧಿ. ಅಲ್ಲಿಯೂ ನಿಂತುಹೋಗುವ ಲಕ್ಷಣ ಕಂಡಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕುಲಪತಿ ಮ್ಯಾಕ್ರಾಕನ್ ಕರೆದ ಕರೆಗೆ ಓಗೊಟ್ಟು ಡಿಸೆಂಬರ್ 28ರಂದು 62 ಕಾಲೇಜುಗಳ ಪ್ರತಿನಿಧಿಗಳು ನೆರೆದು ಹೊಸ ಸಂಘವೊಂದನ್ನು ಕಟ್ಟಿದರು. 1910ರಲ್ಲಿ ಹೆಸರು ಬದಲಾಯಿಸಿಕೊಂಡು ಇಂದಿಗೂ ಅಮೇರಿಕದ ಕಾಲೇಜು ಕ್ರೀಡೆಗಳನ್ನು ಆಳುತ್ತಿರುವ ಸಂಸ್ಥೆ ಇದೇ.

ಅಷ್ಟು ವರ್ಷ ಕಟ್ಟಳೆಗಳನ್ನು ಬರೆಯುತ್ತ ಬಂದದ್ದು ಕ್ಯಾಂಪನ ಪುಟ್ಟ ಸಮಿತಿ. ಅದರ ಕಾರ್ಯದರ್ಶಿ ಅವನೇ. 1906ರ ಜನವರಿಯಲ್ಲಿ ಹಳೆಯ ಸಮಿತಿಯೂ ಹೊಸ ಸಂಘದ ಸಮಿತಿಯೂ ಒಂದಾದವು. ಕಾರ್ಯದರ್ಶಿಯ ಸ್ಥಾನ ಹಾರ್ವರ್ಡಿನ ಬಿಲ್ ರೀಡನ ಪಾಲಾಯಿತು. ರೀಡ್ ಮೂವತ್ತೂ ತುಂಬದ ತರುಣ. ಕ್ಯಾಂಪನಿಗೆ ಆಗ ನಲವತ್ತಾರು.

ಆ ಸಭೆಗಳ ಮುಂದಿದ್ದ ಪ್ರಶ್ನೆ ಸರಳವಾದದ್ದು: ಒತ್ತಾಗಿ ನಿಂತ ಗುಂಪನ್ನು ಬಿಡಿಸಿ ಬಯಲಿಗೆ ಹರಡುವುದು ಹೇಗೆ? ಕ್ಯಾಂಪನ ಮದ್ದು, ಐದು ಗಜವನ್ನು ಹತ್ತು ಗಜ ಮಾಡುವುದು. ದಬ್ಬಾಟದಿಂದ ಹತ್ತು ಗಜ ಸಿಗಲಾರದು, ಅನಿವಾರ್ಯವಾಗಿ ಬದಿಗೆ ಹರಡಿ ಓಡಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಬಯಲನ್ನೇ ಅಗಲಿಸಬೇಕೆಂಬ ಸಲಹೆಯೂ ಬಂದಿತು. ಆದರೆ ಹಾರ್ವರ್ಡಿನವರು 1903ರಲ್ಲಷ್ಟೇ ಕಟ್ಟಿಸಿದ್ದ ಕಾಂಕ್ರೀಟಿನ ಕ್ರೀಡಾಂಗಣದಲ್ಲಿ ಅಗಲಿಸಲು ಜಾಗವಿರಲಿಲ್ಲ. ಉಳಿದವರು ಕೇಳಿದ ಮೂರನೆಯ ಮದ್ದು, ಚೆಂಡನ್ನು ಮುಂದಕ್ಕೆ ಎಸೆಯಲು ಬಿಡುವುದು. ಇದು ಕ್ಯಾಂಪನಿಗೆ ಒಗ್ಗದ ಮಾತು. ಬಲ, ಶಿಸ್ತು, ಜೋಡಣೆಗಳಿಂದ ಗೆಲ್ಲಬೇಕಾದ ಆಟದಲ್ಲಿ ಗಾಳಿಗೆ ಚೆಂಡನ್ನು ತೂರಿ ಅದೃಷ್ಟವನ್ನು ನಂಬುವುದು ಅವನಿಗೆ ಸರಿಬೀಳಲಿಲ್ಲ. ಆದರೂ ಎರಡೂ ನಿಯಮಗಳು ಒಟ್ಟಿಗೆ ಬಂದವು. ಮೂರು ಸರದಿಗಳಿಗೆ 10 ಗಜ. ಮುಂದಕ್ಕೆ ಎಸೆತಕ್ಕೆ ಅನುಮತಿ, ಅದೂ ಅನೇಕ ಕಟ್ಟುಪಾಡುಗಳೊಡನೆ. ಇದಲ್ಲದೆ ಎರಡು ಸಾಲುಗಳ ನಡುವೆ ಚೆಂಡಿನಷ್ಟು ಉದ್ದದ ಜಾಗವನ್ನು ಯಾರೂ ಮೆಟ್ಟಬಾರದೆಂದು ಬಿಟ್ಟರು. ಎದುರಾಳಿಯ ಮೇಲೆ ಹಾರಿ ದಾಟುವುದನ್ನು ನಿಷೇಧಿಸಿದರು. 70 ನಿಮಿಷದ ಆಟ 60 ನಿಮಿಷಕ್ಕೆ ಇಳಿಯಿತು. ಒರಟುತನವನ್ನು ನೋಡಲು ಇನ್ನೊಬ್ಬ ಪಂಚನನ್ನು ನಿಲ್ಲಿಸಿದರು.

ನಮ್ಮಲ್ಲಿ ಕಬಡ್ಡಿ ಆಡುವ ಗೆಳೆಯರಿಗೆ ಈ ಮರ್ಮ ಬೇಗ ತಿಳಿಯುತ್ತದೆ. ಉಸಿರು ಕಟ್ಟಿ ಬಂದವನ ಬಾಯಿ ಮುಚ್ಚಬಾರದು, ಕಾಲುಗಳಿಂದ ಕತ್ತರಿ ಹಾಕಬಾರದು ಎಂದು ನಿಯಮವಿದೆ. ಹಾಗೆಂದು ಕಬಡ್ಡಿಯ ರುಚಿ ಕೆಟ್ಟಿದೆಯೇ?

ಒಂದೇ ಸಲಕ್ಕೆ ಎಲ್ಲವೂ ನೆಟ್ಟಗಾಗಲಿಲ್ಲ. 1909ರಲ್ಲಿ ಮತ್ತೆ ಸಾವುಗಳು ಹೆಚ್ಚಿದವು. ಹಾರ್ವರ್ಡ್ ವಿರುದ್ಧ ಆಡಿದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ವಿದ್ಯಾರ್ಥಿಯೊಬ್ಬನು ಕತ್ತು ಮುರಿದು ಸತ್ತನು; ಎರಡು ವಾರಗಳ ನಂತರ ವರ್ಜೀನಿಯಾ ವಿಶ್ವವಿದ್ಯಾಲಯದ ಹುಡುಗನೊಬ್ಬನು. 1910ರಲ್ಲಿ ಮತ್ತೆ ಕುಳಿತು ಬರೆದರು. ಚೆಂಡು ಹಿಡಿದವನನ್ನು ದಬ್ಬುವುದೂ ಎಳೆಯುವುದೂ ತಪ್ಪು. ಕೈಗೆ ಕೈ ಹೆಣೆದು ನುಗ್ಗುವುದು ತಪ್ಪು. ಹಾರಿ ಮೈಮೇಲೆ ಬಿದ್ದು ಕೆಡವುವುದು ತಪ್ಪು. ಸಾಲಿನಲ್ಲಿ ಏಳು ಮಂದಿ ನಿಂತಿರಲೇಬೇಕು. ದಣಿದವನಿಗೇ ಪೆಟ್ಟು ಹೆಚ್ಚೆಂದು ಆಟವನ್ನು 15 ನಿಮಿಷಗಳ ನಾಲ್ಕು ಪಾಲು ಮಾಡಿದರು. 1912ರಲ್ಲಿ ಸರದಿಗಳು ಮೂರರಿಂದ ನಾಲ್ಕಾದವು. ಇಷ್ಟಾದ ಮೇಲೆ ಆ ಹಳೆಯ ಗುಂಪು ನುಗ್ಗಾಟ ಮೈದಾನದಿಂದ ಮರೆಯಾಯಿತು. ಎಸೆತದಿಂದ ಆಟ ಕೆಡುವುದೆಂಬ ಕ್ಯಾಂಪನ ಊಹೆ ಮಾತ್ರ ಸುಳ್ಳಾಯಿತು; ಇಂದು ಆ ಆಟವನ್ನು ನೋಡಲು ಹೋಗುವವರು ಮುಖ್ಯವಾಗಿ ನೋಡುವುದು ಆ ಎಸೆತಗಳನ್ನೇ. ಅವನು ಬರೆದ ಹತ್ತು ಗಜದ ಲೆಕ್ಕವೂ ಜೊತೆಯಲ್ಲಿಯೇ ಉಳಿದಿದೆ.

ತಾನು ಒಪ್ಪದ ನಿಯಮ ಬಂದಿತೆಂದೋ, ಕಾರ್ಯದರ್ಶಿತನ ಹೋಯಿತೆಂದೋ ಅವನು ಮುನಿಸಿಕೊಂಡು ಮನೆಯಲ್ಲಿ ಕೂಡಲಿಲ್ಲ. ಸಮಿತಿಯಲ್ಲಿ ಸದಸ್ಯನಾಗಿ ಉಳಿದನು. ಪ್ರತಿ ವರ್ಷ ಹೊರಡುವ ನಿಯಮಾವಳಿಯ ಕೈಪಿಡಿಯನ್ನು ಸಂಪಾದಿಸುತ್ತಲೇ ಹೋದನು. ತಾನು ಬೇಡವೆಂದ ನಿಯಮವನ್ನೂ ಆ ಹೊತ್ತಗೆಯಲ್ಲಿ ಹುಡುಗರಿಗೆ ತಿಳಿಯುವಂತೆ ಮುದ್ರಿಸಿ ಕೊಡಬೇಕಾದವನು ಅವನೇ. ಇದು ನನಗೆ ಅವನ ಅರವತ್ತೇಳು ಗೆಲುವುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಅಮೇರಿಕ ಇಳಿದಾಗ ನೌಕಾದಳದ ತರುಣರ ವ್ಯಾಯಾಮದ ಹೊಣೆ ಅವನ ಮೇಲೆ ಬಿದ್ದಿತು. ಕೆಲವೇ ನಿಮಿಷಗಳಲ್ಲಿ ಯಾವ ಸಲಕರಣೆಯೂ ಇಲ್ಲದೆ ಮಾಡಬಹುದಾದ ಹನ್ನೆರಡು ವ್ಯಾಯಾಮಗಳನ್ನು ಅವನು ಕಟ್ಟಿಕೊಟ್ಟನು. ರಾಜಧಾನಿಯ ಮಂತ್ರಿಗಳೂ ಬೆಳಗ್ಗೆದ್ದು ಅವನ್ನು ಮಾಡಿದರು; ಯುದ್ಧ ಮುಗಿದ ಮೇಲೆ ಗ್ರಾಮಫೋನ್ ತಟ್ಟೆಗಳ ಮೂಲಕ ಮನೆಮನೆಗೂ ಹೋದವು. ಮೈಯನ್ನು ಮುರಿಯುವ ಆಟದ ತಂದೆಯೆಂದು ಬೈಸಿಕೊಂಡವನು ಮುಪ್ಪಿನಲ್ಲಿ ಮೈ ಕಾಪಾಡುವ ಗುರುವೆಂದು ಹೆಸರಾದನು.

1925ರ ಮಾರ್ಚ್ ತಿಂಗಳಲ್ಲಿ ಕಟ್ಟಳೆಗಳ ಸಮಿತಿಯ ವಾರ್ಷಿಕ ಸಭೆ ನ್ಯೂಯಾರ್ಕ್ ನಗರದಲ್ಲಿ ಸೇರಿತ್ತು. ಕ್ಯಾಂಪ್ ಎಂದಿನಂತೆ ಬಂದು ಚರ್ಚೆಯಲ್ಲಿ ಭಾಗವಹಿಸಿದನು. ರಾತ್ರಿ ಹೋಟೆಲಿನ ತನ್ನ ಕೋಣೆಗೆ ಹೋಗಿ ಮಲಗಿದನು. ಮರುದಿನ, 14ನೆಯ ತಾರೀಖು, ಸಭೆಯ ವೇಳೆಗೆ ಬರಲಿಲ್ಲ. ಸಂಗಡಿಗರು ಹೋಗಿ ನೋಡಿದಾಗ ನಿದ್ರೆಯಲ್ಲಿಯೇ ತೀರಿಕೊಂಡಿದ್ದನು. ಅರವತ್ತಾರಕ್ಕೆ ಇನ್ನೂ ಕೆಲವು ದಿನಗಳಿದ್ದವು. ನ್ಯೂ ಹೇವನ್ನಿನ ಗ್ರೋವ್ ಸ್ಟ್ರೀಟ್ ಸ್ಮಶಾನದಲ್ಲಿ ಅವನ ಸಮಾಧಿ ಇದೆ. 1928ರಲ್ಲಿ ಯೇಲ್ ಕ್ರೀಡಾಂಗಣದ ಮುಂದೆ ಅವನ ಹೆಸರಿನ ಕಲ್ಲಿನ ಮಹಾದ್ವಾರವೊಂದು ಎದ್ದಿತು. ಅದಕ್ಕೆ ಹಣ ಕೂಡಿಸಿದವರು ಯೇಲ್‌ನವರು ಮಾತ್ರವಲ್ಲ. ದೇಶದ ನೂರಾರು ಕಾಲೇಜುಗಳೂ ಪ್ರೌಢಶಾಲೆಗಳೂ ತಮ್ಮ ಪಾಲು ಕಳಿಸಿದ್ದವು.